ಬಿದ್ದಕ್ಕನ ಏಕವಚನ

ಕೆರೆದಡದ ವಾಟರ್ ಸ್ಕೀ ಕ್ಲಬ್ಬಿನ ಚರಿತ್ರೆ ಬೇಕಾದವರು ಅದರ ಗೋಡೆಯ ಫೋಟೋಗಳನ್ನು ನಂಬಬಾರದು. ಅಲ್ಲಿ ಎಲ್ಲರೂ ನಿಂತೇ ಇದ್ದಾರೆ. ಬಿದ್ದಕ್ಕನನ್ನು ಕೇಳಬೇಕು.

ಅವಳು ದರ್ಜಿ, ಗಂಡ ಪಂಪು ರಿಪೇರಿಯ ಮೆಕ್ಯಾನಿಕ್ಕು. ಮೂವತ್ತು ವರ್ಷದ ಹಿಂದೆ ಅವನು ಹಳೇ ದೋಣಿಗೆ ಎಂಜಿನ್ ಕೂರಿಸಿದ. ಅಟ್ಟದ ಎರಡು ಹಲಗೆಗಳನ್ನು ಬಿಸಿನೀರಲ್ಲಿ ನೆನೆಸಿ ಮೂತಿ ಬಗ್ಗಿಸಿ ಅಂಚೆಯವನ ಕಾಲಿಗೆ ಕಟ್ಟಿದ, ಕೈಗೆ ಹಗ್ಗ ಕೊಟ್ಟು ಎಳೆದ. ಕ್ಲಬ್ಬು ಹುಟ್ಟಿದ್ದು ಹಾಗೆ. ಅಂಚೆಯವನು ಹತ್ತು ಮಾರು ಹೋಗುವುದರೊಳಗೆ ಮಗುಚಿದ. ಮುಂದೆಯೇ ನೋಡುತ್ತಿದ್ದ ಮೆಕ್ಯಾನಿಕ್ಕು ಬರೀ ಹಗ್ಗವನ್ನು ಕೆರೆಯೆಲ್ಲ ಸುತ್ತಿಸಿಕೊಂಡು ಬಂದು, "ನೋಡಿದ್ಯಾ, ಗೊಂಬೆ ಥರ ನಿಂತಿದ್ದ!" ಎಂದು ಬೀಗಿದ.

"ಯಾರ್ರೀ?" ಎಂದಳು ಹೆಂಡತಿ. ಅಂಚೆಯವನು ಆಚೆ ದಡದಲ್ಲಿ ಪ್ಯಾಂಟು ಹಿಂಡಿಕೊಳ್ಳುತ್ತಿದ್ದ.

ಮುಂದಿನ ಭಾನುವಾರದಿಂದ ಅವಳೂ ದೋಣಿ ಹತ್ತಿದಳು. ಅವನ ಬೆನ್ನಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ ಕೂತಳು. ಹಲಗೆ ಮೇಲಿನವರು ಉರುಳಿದರೆ "ಬಿದ್ದ!" ಎಂದೋ "ಬಿದ್ಲು!" ಎಂದೋ ಕೂಗಬೇಕು, ಅವನು ಎಂಜಿನ್ ತಗ್ಗಿಸಬೇಕು. ಎರಡು ದಡಕ್ಕೂ ಕೇಳುವ ಆ ಕೂಗಿನಿಂದಲೇ ಅವಳಿಗೆ ಬಿದ್ದಕ್ಕ ಎಂಬ ಹೆಸರಾಯಿತು. ಆರು ದಿನ ಊರವರ ಕಾಲರಿಗೆ ಕತ್ತು ಬಗ್ಗಿಸುವವಳು ಏಳನೆಯ ದಿನ ಅಲ್ಲಿ ಕೂತು ಕತ್ತೆತ್ತುತ್ತಿದ್ದಳು. ಪರದೆಯ ಚೂರುಗಳಲ್ಲಿ ತಾನೇ ಹೊಲಿದ ದಿಂಬೊಂದು ಆ ಸೀಟಿನ ಮೇಲಿತ್ತು. ಅದರ ಮೇಲೆ ಇನ್ನೊಬ್ಬರು ಕೂತಿದ್ದಿಲ್ಲ.

ಹೀಗಿರುವಾಗ ನಿವೃತ್ತ ವ್ಯಾಕರಣ ಮೇಷ್ಟ್ರು ಕ್ಲಬ್ಬಿನ ಅಧ್ಯಕ್ಷರಾದರು. ಮೊದಲ ಭಾನುವಾರವೇ ಹಲಗೆ ಕಟ್ಟಿಕೊಂಡು ಹನ್ನೊಂದು ಸಲ ಬಿದ್ದರು. ಹನ್ನೊಂದು ಸಲವೂ "ಬಿದ್ದ!" ಎಂದು ಕೆರೆ ಮೊಳಗಿತು. ದಡದಲ್ಲಿದ್ದ ಅವರ ಹಳೇ ಶಿಷ್ಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನಮ್ಮಾ, ನಾನೇನು ನಿನ್ನ ಓರಗೆಯವನಾ? 'ಬಿದ್ದರು' ಅನ್ನೋಕೆ ನಾಲಿಗೆ ಸವೆಯುತ್ತಾ?"

"ಅಷ್ಟರಲ್ಲಿ ಇನ್ನೆರಡು ಗುಟುಕು ಕುಡಿದಿರ್ತೀರಲ್ಲ ಮೇಷ್ಟ್ರೇ! ಅಲ್ದೆ ನಾನು 'ರು' ಅಂದ್ರೆ ಇವ್ರಿಗೆಲ್ಲಿ ಕೇಳುತ್ತೆ? ಎಂಜಿನ್ನೂ ರುರುರು ಅಂತಾನೇ ಇರುತ್ತೆ."

ಮೇಷ್ಟ್ರ ಮೂಗಿನ ತುದಿ ಕೆಂಪಾಯಿತು. ವಾರದೊಳಗೆ ದೋಣಿಯ ಮುಂದೆ ಅಗಲವಾದ ಕನ್ನಡಿ ಬಂತು. ಇನ್ನು ಮೆಕ್ಯಾನಿಕ್ಕೇ ಹಿಂದಿನದನ್ನು ನೋಡಿಕೊಳ್ಳುತ್ತಾನೆ, ಕೂಗುವವರು ಬೇಕಿಲ್ಲ ಎಂದು ಸಭೆಯಲ್ಲಿ ತೀರ್ಮಾನವೂ ಆಯಿತು. ದಿಂಬು ಮನೆಗೆ ವಾಪಸಾಯಿತು. ಅಂದು ಸಂಜೆ ಬಿದ್ದಕ್ಕ ಒಂದು ಅಂಗಿಯ ಕಾಲರನ್ನು ತೋಳಿಗೆ ಹೊಲಿದಳು.

"ಸಭೇಲಿ ಆಗಿದ್ದಕ್ಕೆ ನಾನೇನ್ ಮಾಡ್ಲಿ?" ಎಂದ ಗಂಡ.

"ಏನೂ ಮಾಡ್ಬೇಡಿ. ಕನ್ನಡೀಲಿ ಮೀಸೆ ತಿದ್ಕೊಳ್ಳಿ."

ಕನ್ನಡಿ ಬಂದ ಮೇಲಿನ ಮೊದಲ ಭಾನುವಾರ, ಕ್ಲಬ್ಬಿಗೆ ಮೂವತ್ತು ತುಂಬಿದ ಸಂಭ್ರಮದ ದಿನ, ಮನಸ್ಸು ತಡೆಯದೆ, ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ದಡಕ್ಕೆ ಹೋದಳು. ಮೇಷ್ಟ್ರೇ ಮೊದಲು ಹಲಗೆ ಕಟ್ಟಿದರು, ದೋಣಿ ಹೊರಟಿತು, ಅವರು ಎದ್ದೇ ನಿಂತರು! ಮೂವತ್ತು ವರ್ಷ ನೂರಾರು ಜನರನ್ನು ಎಳೆದ ಮೆಕ್ಯಾನಿಕ್ಕು ನಿಂತವರನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಕನ್ನಡಿಗೆ ಕಣ್ಣು ನೆಟ್ಟು, "ಆಹಾ, ಎಷ್ಟು ಚೆಂದ!" ಎಂದು ಬಾಯಿ ಕಳೆದುಕೊಂಡು ಕೂತ. ದೋಣಿ ನೆಟ್ಟಗೆ ಜೊಂಡಿನ ಕಡೆಗೆ, ಅದರ ಹಿಂದಿನ ಕಲ್ಲುಗಳ ಕಡೆಗೆ ನುಗ್ಗಿತು.

ಬಿದ್ದಕ್ಕನಿಗೆ ಗೊತ್ತಿದ್ದುದು ಒಂದೇ ಕೂಗು.

"ಬಿದ್ದ!"

ಗಂಡನ ಕೈ ತಾನಾಗಿಯೇ ಎಂಜಿನ್ ತಗ್ಗಿಸಿತು. ದೋಣಿ ಜೊಂಡಿಗೆ ಮೂತಿ ತಾಗಿಸಿ ನಿಂತಿತು. ಹಗ್ಗ ಸಡಿಲವಾಗಿ ಮೇಷ್ಟ್ರು ನಿಂತ ಭಂಗಿಯಲ್ಲೇ ಕಂಬದ ಹಾಗೆ ಮೆಲ್ಲಗೆ ಮುಳುಗಿದರು. ಕತ್ತಿನವರೆಗೆ ನೀರಲ್ಲಿ ನಿಂತು ಕಿರುಚಿದರು, "ನಾನೆಲ್ಲಿ ಬಿದ್ದಿದ್ದೆ?"

"ಬೀಳೋರಿದ್ರಿ ಮೇಷ್ಟ್ರೇ. ಭವಿಷ್ಯತ್ ಕಾಲ ಹುಡುಕೋಕೆ ಪುರುಸೊತ್ತಿರಲಿಲ್ಲ!"

ಮೇಷ್ಟ್ರು ದೋಣಿಯಾಚೆಯ ಕಲ್ಲುಗಳನ್ನು ನೋಡಿದರು. ಕಿವಿಗೆ ಸಿಕ್ಕಿದ್ದ ಪಾಚಿ ತೆಗೆದರು. "ನೀರಲ್ಲಿರೋವರೆಗೆ ಏಕವಚನವೇ ಇರಲಿ ತಾಯಿ. ದಡ ಹತ್ತಿದ್ಮೇಲೆ ಮಾತ್ರ ಸ್ವಲ್ಪ ನೋಡ್ಕೊಂಡು."

ಕನ್ನಡಿ ಈಗ ಬಟ್ಟೆ ಬದಲಾಯಿಸುವ ಕೋಣೆಯಲ್ಲಿದೆ, ದಿಂಬು ಸೀಟಿನ ಮೇಲಿದೆ. ಆದರೆ ಒಮ್ಮೆ ರುಚಿ ಕಂಡ ಮೆಕ್ಯಾನಿಕ್ಕು ನಡುನೀರಿನಲ್ಲಿ ಆಗಾಗ ಕೇಳುತ್ತಾನೆ, "ಹೇಗೆ ನಿಂತಿದಾರೆ? ಚೆಂದ ಇದಾರಾ?"

"ಮುಂದೆ ನೋಡ್ರೀ," ಎನ್ನುತ್ತಾಳೆ ಬೆನ್ನ ಹಿಂದಿನಿಂದ ಬಿದ್ದಕ್ಕ. "ಚೆಂದ ಇದಾರೆ."