ಸ್ಪಾನ್ಸರ್ ಇಲ್ಲದ ಕವಿ

ದೋಹಾದಲ್ಲಿ ಮೆಟ್ರೋ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ, ಊರಿಗೆ ಮಾತಾಡಬೇಕಾದರೆ ಫೋನ್ ಡಬ್ಬಿಯ ಮುಂದೆ ಬೆವರುತ್ತ ಸಾಲು ನಿಲ್ಲಬೇಕಾಗಿದ್ದ ಕಾಲದ ಸಂಗತಿ ಇದು. ಆಗ ಇಲ್ಲಿದ್ದವರಿಗೆ ಟೈಪಿಂಗ್ ಸೆಂಟರಿನ ವಾಸನೆ ನೆನಪಿರಬಹುದು. ರಿಬ್ಬನ್ನಿನ ಮಸಿ, ತಪ್ಪು ಮುಚ್ಚುವ ಬಿಳಿ ಬಣ್ಣ, ಹಳೇ ವಿಂಡೋ ಎಸಿಯ ಧೂಳು, ಮೂಲೆಯಲ್ಲಿ ಕುದಿದೂ ಕುದಿದೂ ಕಪ್ಪಾದ, ಹಾಲಿಲ್ಲದ ಸುಲೈಮಾನಿ ಚಹಾ. ವೀಸಾ, ಇಖಾಮಾ ಎಂಬ ವಾಸದ ಪರವಾನಗಿ, ಲೈಸೆನ್ಸು, ಯಾವುದಕ್ಕೆ ಅರ್ಜಿ ಹಾಕಬೇಕಾದರೂ ಜನ ಮೊದಲು ಅಲ್ಲಿಗೆ ಬರಬೇಕಿತ್ತು. ಅಲ್ ಮನ್ಸೂರಾದ ಅಂಥ ಒಂದು ಅಂಗಡಿಯಲ್ಲಿ ನನ್ನ ಉಪ್ಪ ಟೈಪಿಸ್ಟ್. ಅಪ್ಪನನ್ನು ನಾವು ಬ್ಯಾರಿಗಳು ಕರೆಯುವುದು ಹಾಗೆ, ಅಮ್ಮನನ್ನು ಉಮ್ಮ ಎಂದು.

ಆ ವಾಸನೆ ನೆನಪಾದಾಗಲೆಲ್ಲ ನನಗೆ ಇಬ್ಬರ ಮೇಲೆ ಸಿಟ್ಟು ಬರುತ್ತದೆ. ಒಬ್ಬ, ನನ್ನ ಅಜ್ಜನ ಅಜ್ಜ ಬದುಕಿದ್ದಾಗ ಬದುಕಿದ್ದ ಅಮೆರಿಕದ ಕವಿ. ಇನ್ನೊಬ್ಬರು ನಮ್ಮ ಇಂಗ್ಲಿಷ್ ಮಿಸ್. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಹೆಸರು ಬರೆಯುವುದೂ ಒಂದು ಮರ್ಯಾದೆ. ವಯಸ್ಸಾದ ಮೇಲೆ ಎಲ್ಲರನ್ನೂ ಮಾಫಿ ಮಾಡಬೇಕು ಅನ್ನುತ್ತಾರೆ. ನನಗೆ ವಯಸ್ಸಾಗುತ್ತ ಬಂತು, ಮಾಫಿ ಮಾತ್ರ ಬಂದಿಲ್ಲ.

ಹನ್ನೊಂದು ವರ್ಷದವರೆಗೆ ನಾನು ಉಪ್ಪನನ್ನು ರಜೆಯಲ್ಲಿ ನೋಡಿದವಳು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು. ಮೊದಲ ವಾರ ನಾಚಿಕೆ, ಕೊನೆಯ ವಾರ ಅಳು. ನಡುವೆ ಸಿಕ್ಕಿದ್ದಷ್ಟೇ ಉಪ್ಪ. ಐದನೇ ಕ್ಲಾಸು ಮುಗಿದ ವರ್ಷ, ಹೇಗೋ ಫ್ಯಾಮಿಲಿ ವೀಸಾ ಆಯಿತು. ಉಪ್ಪಿನಂಗಡಿಯ ಕನ್ನಡ ಶಾಲೆಯಿಂದ ಎದ್ದು ನಾನೂ ಉಮ್ಮನೂ ದೋಹಾದ ಅಂಚಿನ ಮುಐದರ್‌ನ ಒಂದು ವಿಲ್ಲಾದ ಹಿಂದಿನ ಎರಡು ಕೋಣೆಗೆ ಬಂದು ಇಳಿದೆವು. ಆ ಜೂನಿನಲ್ಲಿ ಗೋಡೆ ಮುಟ್ಟಿದರೆ ಕಾವಲಿ ಮುಟ್ಟಿದ ಹಾಗಿತ್ತು. ನಲ್ಲಿಯಲ್ಲಿ ತಣ್ಣೀರೇ ಇಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದು ನೋಡಿದರೆ ಉಪ್ಪ ಅಲ್ಲೇ ಕೂತು ಖುಬ್ಬೂಸ್ ರೊಟ್ಟಿ ಹರಿದು ಚಹಾಕ್ಕೆ ಅದ್ದುತ್ತಿದ್ದರು. ಮರುದಿನವೂ ಇದ್ದರು. ಅದರ ಮರುದಿನವೂ. ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿರಲಿಲ್ಲ.

ಶಾಲೆಯಲ್ಲಿ ಒಂದು ಷರತ್ತು ಹಾಕಿದರು. ಹುಡುಗಿ ಕನ್ನಡ ಮೀಡಿಯಂ. ಸದ್ಯಕ್ಕೆ ಆರನೇ ಕ್ಲಾಸಿನಲ್ಲಿ ಕೂರಲಿ, ಅರ್ಧವರ್ಷದ ಹೊತ್ತಿಗೆ ಇಂಗ್ಲಿಷ್ ಸರಿಯಾಗದಿದ್ದರೆ ನಾಲ್ಕಕ್ಕೆ ಇಳಿಸುತ್ತೇವೆ. ತೀರ್ಮಾನ ಇಂಗ್ಲಿಷ್ ಮಿಸ್‌ದು. ಇದನ್ನು ಕೇಳಿ ಊರಿನಿಂದ ಮಾವ ಕಾಗದ ಬರೆದರು: ಎರಡು ವರ್ಷ ಹಾಳು ಮಾಡುವುದಕ್ಕೆ ಮಗುವನ್ನು ಅಲ್ಲಿ ಯಾಕೆ ಇಟ್ಟುಕೊಳ್ಳುವುದು, ತಾಯಿ-ಮಗಳನ್ನು ವಾಪಸ್ ಕಳಿಸು. ಉಪ್ಪ ಆ ಕಾಗದ ಮಡಚಿ ಅಂಗಿ ಕಿಸೆಗೆ ಹಾಕಿಕೊಂಡರು.

"ನಾಲ್ಕಕ್ಕೆ ಇಳಿಸಿದ್ರೆ ಊರಿಗೆ ಹೋಗ್ಲಿಕ್ಕುಂಟಾ?" ಎಂದು ಕೇಳಿದೆ.

"ಹೌದು ಮೋಳೆ," ಅಂದರು ಉಪ್ಪ. "ಮಾವ ಹೇಳುವುದರಲ್ಲಿ ತಪ್ಪಿಲ್ಲ. ಅದಕ್ಕೇ ಇಳಿಯಬೇಡ."

ಮಿಸ್ ನಮ್ಮ ಕರಾವಳಿಯವರೇ. ಸ್ಟಾಫ್ ರೂಮಿನಲ್ಲಿ ಮತ್ತೊಬ್ಬ ಟೀಚರ್ ಜೊತೆ "ಎಂತ ಮಾರಾಯ್ತಿ, ಎಂಥ ಸೆಕೆ" ಅನ್ನುವುದನ್ನು ನಾನೇ ಕೇಳಿದ್ದೇನೆ. ಆದರೆ ಕ್ಲಾಸಿನಲ್ಲಿ ನಾನು ಬಾಯಿ ತಪ್ಪಿ ಒಂದು ಕನ್ನಡ ಮಾತು ಆಡಿದರೆ, ಬಾಗಿಲಲ್ಲಿ ಆಡು ನುಗ್ಗಿತೋ ಎಂಬಂತೆ ಹಿಂದೆ ಮುಂದೆ ನೋಡುತ್ತಿದ್ದರು. "ಯಾರು ಅದು ಸದ್ದು ಮಾಡಿದ್ದು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಕ್ಲಾಸಿಡೀ ನಗೆ. ಉಮ್ಮ ಡಬ್ಬಿಗೆ ಹಾಕಿಕೊಟ್ಟ ಪತ್ತಿರ್ ಎಂಬ ಅಕ್ಕಿರೊಟ್ಟಿ ಮತ್ತು ಒಣಮೀನಿನ ಚಟ್ನಿಯನ್ನು ನಾನು ಬೇಸಿನ್ ಹತ್ತಿರ ಗೋಡೆಗೆ ಮುಖ ಮಾಡಿ ತಿನ್ನುವುದು ಕಲಿತೆ.

ಸೆಪ್ಟೆಂಬರಿನಲ್ಲಿ, ರಜೆ ಮುಗಿದ ಕೂಡಲೇ, ಮಿಸ್ ಪ್ರಾಜೆಕ್ಟ್ ಕೊಟ್ಟರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಲೇಖಕ. ಅವನ ಬದುಕು, ಅವನ ಬರಹ, ಅವನ ಕಾಲ. ನನ್ನ ಚೀಟಿಯಲ್ಲಿ ಆ ಅಮೆರಿಕದವನು.

"ಇದರಲ್ಲಿ ಗೊತ್ತಾಗುತ್ತೆ ನೀನು ಆರೋ ನಾಲ್ಕೋ ಅಂತ," ಅಂದರು.

ಲೈಬ್ರರಿಯಲ್ಲಿ ಅವನ ಬಗ್ಗೆ ಇದ್ದದ್ದು ಒಂದೇ ದಪ್ಪ ಪುಸ್ತಕ, ಮನೆಗೆ ಕೊಡುವುದಿಲ್ಲ. ಊಟದ ಬಿಡುವಿನಲ್ಲಿ ಕೂತು, ಅರ್ಧ ಅರ್ಥವಾಗದೆ, ಎರಡು ವಾರ ನಕಲು ಮಾಡಿದೆ. ದೋಣಿ ಮಾಡುವವನ ಮಗ. ಸ್ವಲ್ಪ ಕಾಲ ಶಾಲಾ ಮಾಸ್ತರ. ನಾಲ್ಕು ಮಕ್ಕಳು. ಹುಟ್ಟಿದ ಊರು ಬಿಟ್ಟು ಎಲ್ಲೂ ಹೋದವನಲ್ಲ. ಸೇಬಿನ ತೋಟದ ಮೇಲೆ ಪದ್ಯ, ಹಿಮದ ಮೇಲೆ ಪದ್ಯ, ಹಿಮ ಕರಗಿದ್ದರ ಮೇಲೆ ಇನ್ನೊಂದು ಪದ್ಯ. ಹೊರಗೆ ಚಪ್ಪಲಿಯ ರಬ್ಬರು ಕರಗುತ್ತಿತ್ತು, ಇವನಿಗೆ ಹಿಮ. ಅವತ್ತೇ ಅವನು ನನಗೆ ಆಗಿಬರಲಿಲ್ಲ. ತನ್ನ ಊರಲ್ಲಿ, ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಡ್ಡ ನೀವಿಕೊಳ್ಳುತ್ತ ಬರೆದವನು. ದಿನಾ ಮಕ್ಕಳ ಜೊತೆ ಇರುವುದಕ್ಕೆ ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ, ಜುಮಾ ನಮಾಜಿಗೆ ಮೊದಲು, ಉಪ್ಪ ಮುಚ್ಚಿದ ಅಂಗಡಿಯ ಬೀಗ ತೆಗೆದು ನನ್ನನ್ನು ಒಳಗೆ ಕೂರಿಸಿದರು. ಯಂತ್ರದ ಹೊದಿಕೆ ತೆಗೆದು, ಊದಿ, ಒರೆಸಿ, ಬೆರಳ ನೆಟಿಗೆ ತೆಗೆದರು.

"ಹೇಳು. ಅವನ ಪೂರ್ತಿ ಹೆಸರು."

ಹೇಳಿದೆ.

"ಅಪ್ಪನ ಹೆಸರು? ಉಮ್ಮನ ಹೆಸರು? ನ್ಯಾಷನಾಲಿಟಿ ಅಮೇರಿಕನ್. ಉದ್ಯೋಗ?"

"ಕವಿ."

"ಕವಿ ಅಂತ ವೀಸಾ ಕೌಂಟರ್‌ನಲ್ಲಿ ಒಪ್ಪುದಿಲ್ಲ. ಮೊದಲು ಎಂತ ಮಾಡ್ತಿದ್ದ?"

"ಮಾಸ್ತರ."

"ಹಾಗಾದ್ರೆ: ಟೀಚರ್, ಬ್ರಾಕೆಟ್‌ನಲ್ಲಿ ಪೊಯೆಟ್."

ಅವರು ತಮಾಷೆ ಮಾಡುತ್ತಿರಲಿಲ್ಲ. ಹದಿನಾರು ವರ್ಷ ಅವರು ಮನುಷ್ಯರ ಬದುಕನ್ನು ಬರೆದದ್ದೇ ಹಾಗೆ. ಅಡ್ಡ ಗೆರೆ, ಉದ್ದ ಗೆರೆ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಒಬ್ಬನ ಜೀವನಚರಿತ್ರೆ ಎಂದರೆ ಕೌಂಟರಿನ ಆಚೆಯವನು ಒಂದೇ ನೋಟಕ್ಕೆ ಓದಿ ಮುದ್ರೆ ಒತ್ತುವಂತಿರಬೇಕು. ನನಗೂ ಅದೇ ಸರಿ ಎನಿಸಿತು. ಇಂಗ್ಲಿಷಿನಲ್ಲಿ ಉದ್ದ ವಾಕ್ಯ ಬರೆಯುವ ಕಷ್ಟವೂ ತಪ್ಪಿತು. ಅವಲಂಬಿತರು: ಐವರು, ಹೆಂಡತಿ ಮತ್ತು ನಾಲ್ಕು ಮಕ್ಕಳು. ದೇಶಕ್ಕೆ ಬಂದ ದಿನ: ಹುಟ್ಟಿದ ದಿನ. ದೇಶ ಬಿಟ್ಟ ದಿನ: ಬಿಟ್ಟಿಲ್ಲ.

"ಸ್ಪಾನ್ಸರ್?"

"ಪುಸ್ತಕದಲ್ಲಿ ಇಲ್ಲ ಉಪ್ಪ."

"ಸರೀ ನೋಡಿದ್ಯಾ? ಯಾರಾದ್ರೂ ಇರ್ಲೇಬೇಕಲ್ಲ." ನಮ್ಮನ್ನು ಕರೆಸಿಕೊಂಡು ಪಾಸ್‌ಪೋರ್ಟ್ ತನ್ನ ಬಳಿ ಇಟ್ಟುಕೊಳ್ಳುವ ಯಜಮಾನನೇ ಸ್ಪಾನ್ಸರ್; ಅವನಿಲ್ಲದೆ ಹೊರಗಿನವರು ಯಾರೂ ಇಲ್ಲಿ ಇರುವಂತಿರಲಿಲ್ಲ.

"ಇಲ್ಲ."

ಉಪ್ಪ ಖಾಲಿ ಜಾಗ ನೋಡಿದರು. "ಪುಣ್ಯವಂತ," ಎಂದು, ಇಲ್ಲ ಎಂಬುದಕ್ಕೆ ಇಂಗ್ಲಿಷಿನಲ್ಲಿ 'ನಿಲ್' ಎಂದು ಟೈಪ್ ಮಾಡಿದರು.

ಬಲ ಮೂಲೆಯಲ್ಲಿ ಫೋಟೋದ ಚೌಕ. ಪುಸ್ತಕದ ಚಿತ್ರದಲ್ಲಿ ಕವಿಗೆ ದೊಡ್ಡ ಟೋಪಿ ಇತ್ತು. "ಟೋಪಿ ಹಾಕಿದ ಫೋಟೋ ತಗೊಳ್ಳುದಿಲ್ಲ, ಕಿವಿ ಎರಡೂ ಕಾಣ್ಬೇಕು," ಅಂದರು. ಟೋಪಿಯ ಕೆಳಗೆ ಏನಿತ್ತೋ ನನಗೇನು ಗೊತ್ತು? ಬೋಳು ತಲೆ ಮಾಡಿ, ಎರಡು ದೊಡ್ಡ ಕಿವಿ ಇಟ್ಟು, ಕೆಳಗೆ ಗಡ್ಡ ಬಿಡಿಸಿದೆ.

ಅವನ ಕಾಲದ ಸಂಗತಿ ಬಂದಾಗ, ಆಗ ಅಲ್ಲಿ ಗುಲಾಮರಿದ್ದರು, ಓಡಿಹೋದ ಒಬ್ಬ ಗುಲಾಮನ ಮೇಲೆ ಇವನು ಪದ್ಯ ಬರೆದಿದ್ದ, ಎಂದು ಓದಿ ಹೇಳಿದೆ. ಉಪ್ಪನ ಬೆರಳು ನಿಂತಿತು.

"ಓಡಿಹೋದವನ ಪೇಪರ್ ಯಾರ ಹತ್ತಿರ ಇತ್ತು?"

"ಯಜಮಾನನ ಹತ್ತಿರ ಇರ್ಬೇಕು."

ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಹ್ಞೂಂ. ಮುಂದೆ ಹೇಳು."

ಪದ್ಯಗಳ ಪಟ್ಟಿಯನ್ನು 'ಲಗತ್ತಿಸಿದ ದಾಖಲೆಗಳು' ಎಂದು ಕೊನೆಗೆ ಸೇರಿಸಿ, ಮೂರು ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ನೋಡಿದರು. ಅದು ಅವರ ನೇಮ. "ಒಂದು ಅಕ್ಷರ ತಪ್ಪಿದ್ರೆ ಮನುಷ್ಯ ವಾಪಸ್," ಅನ್ನುತ್ತಿದ್ದರು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿ, ಕೌಂಟರಿನಿಂದ ತಿರುಗಿ ಬಂದು, ಅಂಗಡಿಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತವರನ್ನು ಅವರು ಕಂಡಿದ್ದರು. ಕೊನೆಗೆ ಪಿನ್ನು ಹೊಡೆದು ನನ್ನ ಕೈಗಿಟ್ಟರು. ಅಷ್ಟು ಚೆಂದದ ಕಾಗದ ನಾನು ಮೊದಲು ಮುಟ್ಟಿರಲಿಲ್ಲ.

ಭಾನುವಾರ, ನಾಲ್ಕನೇ ಪೀರಿಯಡ್. ಉಳಿದ ಮಕ್ಕಳದ್ದು ಬಣ್ಣದ ಚಾರ್ಟು, ಹೊಳೆಯುವ ಅಂಚು. ಮಿಸ್ ನನ್ನದನ್ನು ಎತ್ತಿಕೊಂಡರು, ನೋಡಿದರು, ಮತ್ತೆ ನೋಡಿದರು. ಅವರ ಮುಖದಲ್ಲಿ ಒಂದು ಖುಷಿ ಹುಟ್ಟಿತು. ಮಕ್ಕಳಿಗೆ ಆ ಖುಷಿ ಗೊತ್ತಾಗುತ್ತದೆ; ಎಲ್ಲರೂ ನೆಟ್ಟಗೆ ಕೂತರು.

"ಕ್ಲಾಸ್, ಕೇಳಿ. ಮಹಾಕವಿಗಳು ವೀಸಾಕ್ಕೆ ಅರ್ಜಿ ಹಾಕಿದ್ದಾರೆ."

ಒಂದೊಂದು ಸಾಲೂ ಓದಿದರು. ಟೀಚರ್, ಬ್ರಾಕೆಟ್‌ನಲ್ಲಿ ಪೊಯೆಟ್. ನಗೆ. ಅವಲಂಬಿತರು ಐವರು. ನಗೆ. ಬೋಳು ತಲೆಯ ಚಿತ್ರವನ್ನು ಎತ್ತಿ ಹಿಡಿದು ಎಡಕ್ಕೂ ಬಲಕ್ಕೂ ತೋರಿಸಿದರು. "ಸ್ಪಾನ್ಸರ್: ನಿಲ್!" ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಡೆಸ್ಕ್ ಬಡಿದು, "ಮಿಸ್, ಡಿಪೋರ್ಟ್ ಮಾಡಿ!" ಎಂದು ಕೂಗಿದ. ಮಿಸ್ ಅವನನ್ನು ಗದರಲಿಲ್ಲ. ಕಣ್ಣು ಒರೆಸಿಕೊಂಡು ನಕ್ಕರು.

ಆಗಲೇ ಬಾಗಿಲ ಬಳಿ ಉಪ್ಪ ನಿಂತಿದ್ದರು.

ಅಂಗಿ ಬೆನ್ನಿಗೆ ಅಂಟಿತ್ತು. ಮುಖ ಕೆಂಪಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಒಂದೇ ಒಂದು ಹಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. "ಎಕ್ಸ್‌ಕ್ಯೂಸ್ ಮಿ ಮೇಡಂ," ಅಂದರು. "ಎರಡನೇ ಪೇಜ್. ಒಂದು ಮಿಸ್ಟೇಕ್ ಉಂಟು, ಕಾರ್ಬನ್ ಕಾಪಿಯಲ್ಲಿ ಕಂಡಿತು. ಹೊಸದು ತಂದಿದ್ದೇನೆ. ದಯವಿಟ್ಟು ಬದಲು ಮಾಡಿ."

ಮಿಸ್ ಅವರನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿ, ನನ್ನ ಕಡೆ ತಿರುಗಿದರು. "ಇವರು ನಿನ್ನ ತಂದೆಯಾ?"

ಮೂವತ್ತು ಜೊತೆ ಕಣ್ಣು. ಎದ್ದು ನಿಂತೆ. ಆ ಒಂದು ವಾಕ್ಯ ಮಾತ್ರ ನನ್ನ ಬಾಯಿಂದ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬಂತು.

"ನೋ ಮಿಸ್. ಹಿ ಈಸ್ ದ ಟೈಪಿಂಗ್ ಸೆಂಟರ್ ಮ್ಯಾನ್."

ಉಪ್ಪ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಮಿಸ್ ಕಡೆಗೇ ತಲೆ ಆಡಿಸಿ, "ಯೆಸ್ ಮೇಡಂ. ಟೈಪಿಂಗ್ ಸೆಂಟರ್," ಅಂದರು. "ಫಾರ್ಮ್ ಮಾಡಿದ್ದು ನಾನು. ಹುಡುಗಿಯದ್ದು ತಪ್ಪಿಲ್ಲ." ಹಾಳೆಯನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಡಸ್ಟರ್ ಅದರ ಮೇಲಿಟ್ಟು, ಹೋದರು. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ತಿರುವಿನವರೆಗೆ ಕೇಳಿಸಿತು.

ಮಿಸ್ ಸಮಾಧಾನವಾದರು. "ಹೊರಗೆ ಕೊಟ್ಟು ಮಾಡಿಸಿದ್ದಾ? ಅದಕ್ಕೇ ಹೀಗೆ. ಆ ಜನಕ್ಕೆ ಏನು ಗೊತ್ತು ಸಾಹಿತ್ಯ," ಎಂದರು. ಡಸ್ಟರ್ ತೆಗೆದು, ಹೊಸ ಹಾಳೆಯನ್ನೂ ಹಳೆಯ ಮೂರನ್ನೂ ಒಟ್ಟಿಗೆ ಸುತ್ತಿ ಬುಟ್ಟಿಗೆ ಹಾಕಿದರು. "ಕೈಯಲ್ಲಿ ಬರೆದು ತಾ. ಪರವಾಗಿಲ್ಲ, ಮಾತು ಸುಧಾರಿಸಿದೆ. ಆರರಲ್ಲೇ ಇರು."

ಹೌದು, ಆ ವಾಕ್ಯಕ್ಕೇ ನಾನು ಪಾಸಾದದ್ದು.

ಸಂಜೆ ಉಮ್ಮ ಅಕ್ಕಿ ಉಂಡೆಯ ಪುಂಡಿ ಬೇಯಿಸಿದ್ದರು, ಮೀನಿನ ಸಾರು. ಉಪ್ಪ ಎಂದಿನಂತೆ ಕೈ ತೊಳೆದು ಕೂತರು. ನಾನು ಪುಂಡಿ ಮುರಿಯುತ್ತ ಕೂತೆ.

"ಎಂತ ಹೇಳಿದ್ರು ಮಿಸ್?"

"ಆರರಲ್ಲೇ ಇರು ಅಂದ್ರು."

"ಹಾಗಾದ್ರೆ ಖಲಾಸ್, ಕೆಲಸ ಮುಗೀತು," ಅಂದರು ಉಪ್ಪ. "ಊರಿಗೆ ಕಾಗದ ಬರಿ, ಮಾವನಿಗೆ." ಮುಳ್ಳು ಬಿಡಿಸಿದ ಮೀನಿನ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದರು. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಏಳಲೇ ಇಲ್ಲ. ಉಪ್ಪ ನನ್ನ ಶಾಲೆಯ ಗೇಟಿನ ಒಳಗೆ ಮತ್ತೆ ಕಾಲಿಡಲಿಲ್ಲ. ಮೀಟಿಂಗುಗಳಿಗೆ ಉಮ್ಮ ಹೋಗುತ್ತಿದ್ದರು. ಬಸ್ಸು ತಪ್ಪಿದ ದಿನ ಉಪ್ಪ ಕರೆದೊಯ್ದರೂ, ಗೇಟಿಗಿಂತ ಎರಡು ಕಟ್ಟಡ ಹಿಂದೆಯೇ ನಿಂತು, "ಇನ್ನು ನೀನೇ ಹೋಗು," ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಅವರು ಅಲ್ಲೇ ಕೂತು ಖುಬ್ಬೂಸ್ ಅದ್ದುತ್ತಿದ್ದರು, ನಿಜ. ನಾನು ಸುಳ್ಳು ಹೇಳಿ ಉಳಿಸಿಕೊಂಡದ್ದು ಅದನ್ನೇ. ಆದರೆ ತಲೆ ಎತ್ತಿ ಅವರ ಮುಖ ನೋಡುವ ಅಭ್ಯಾಸ ನನಗೆ ತಪ್ಪಿಹೋಯಿತು.

ನಾನು ಈಗಲೂ ಮುಐದರ್‌ನಲ್ಲೇ ಇದ್ದೇನೆ, ಬೇರೆ ಬೀದಿ. ಉಪ್ಪ ತೀರಿಹೋಗಿ ಒಂಬತ್ತು ವರ್ಷ. ಮನ್ಸೂರಾದ ಆ ಅಂಗಡಿಯಲ್ಲಿ ಈಗ ಜ್ಯೂಸ್ ಮಾರುತ್ತಾರೆ. ಎಸಿಯ ಜಾಗದಲ್ಲಿ ಅನಾನಸಿನ ವಾಸನೆ. ಮಿಸ್ ರಿಟೈರ್ ಆಗಿ ಊರಿಗೆ ಹೋಗುವಾಗ ಹಳೇ ವಿದ್ಯಾರ್ಥಿಗಳು ಹಾರ ಹಾಕಿ ಕಳಿಸಿದರು. ನನ್ನನ್ನೂ ಕರೆದಿದ್ದರು, ನಾನು ಹೋಗಲಿಲ್ಲ. ಆ ಕವಿಯ ಪುಸ್ತಕ ನನ್ನ ಮಗಳ ಶಾಲೆಯಲ್ಲೂ ಬಂತು. ತೆರೆದೆ, ಹಿಮ ಕಂಡಿತು, ಮುಚ್ಚಿದೆ. ಗುಲಾಮನ ನೋವು ತಿಳಿದವನಂತೆ, ದೊಡ್ಡ ಮನಸ್ಸಿನವನಂತೆ. ಇರಬಹುದು. ಅವನ ಹೆಸರಿನಲ್ಲಿ ನನ್ನ ಉಪ್ಪನ ಮುಖಕ್ಕೆ ಬಿದ್ದ ನಗೆಯನ್ನು ಅವನ ಯಾವ ಪದ್ಯವೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಅವನ ಮೇಲಿನ ಸಿಟ್ಟು ಅನ್ಯಾಯದ್ದು ಎಂದು ನನಗೆ ಗೊತ್ತು. ಅದನ್ನು ಇಟ್ಟುಕೊಂಡಿರುವುದು ಯಾಕೆಂದರೆ, ಅದು ಬಿಟ್ಟರೆ ಸಿಟ್ಟಾಗಲು ಉಳಿಯುವುದು ನಾನೊಬ್ಬಳೇ.

ಕಳೆದ ವಾರ ಮಗಳು ಸೋಫಾದಲ್ಲಿ ಮಲಗಿಕೊಂಡೇ, ಎರಡು ಹೆಬ್ಬೆರಳಿನಲ್ಲಿ, ನನ್ನ ಇಖಾಮಾದ ಅರ್ಜಿ ತುಂಬಿದಳು. ಒಂದು ಕಡೆ ಅಕ್ಷರ ತಪ್ಪಿತು. ಫೋನೇ ಕೆಂಪಗಾಗಿ ಹೇಳಿತು, ತಿದ್ದಿದಳು, ಆಯಿತು. ಅವತ್ತು ಆ ಎರಡನೇ ಹಾಳೆಯಲ್ಲಿ ತಪ್ಪಿದ್ದು ಯಾವ ಅಕ್ಷರವೋ ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಬೇಕಾದರೆ ಆ ಬಾಗಿಲನ್ನು ಮತ್ತೆ ನೆನಪಿಸಬೇಕಿತ್ತು, ಕೇಳಲಿಲ್ಲ. ಒಂದು ಅಕ್ಷರ ತಪ್ಪಿದರೆ ಮಗಳು ವಾಪಸ್ ಎಂದು ತಿಳಿದು, ಕೆಲಸ ಬಿಟ್ಟು, ಸೆಪ್ಟೆಂಬರಿನ ಆ ಬಿಸಿಲಿನಲ್ಲಿ, ಒಂದು ಹಾಳೆ ಹಿಡಿದು ಅವರು ಓಡಿ ಬಂದಿದ್ದರು.