ಕೆಟ್ಟ ಚುಕ್ಕಿ ಎಂಬ ಶಬ್ದ

ನನ್ನ ತಂಗಿಯ ಪರವಾಗಿ ಒಂದು ಮಾತು ಆಡಬೇಕಿತ್ತು. ಆ ಮಾತು ನನ್ನೊಬ್ಬನಿಗೇ ಗೊತ್ತಿತ್ತು. ನಾನು ಆಡಲಿಲ್ಲ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆವರೆಗೆ. ಆಮೇಲೆ ಕರೋಶಿಯ ನಮ್ಮ ಕಬ್ಬಿನ ಹೊಲ, ಗಾಣ, ಬೆಲ್ಲದ ಕೊಪ್ಪರಿಗೆ ಇಷ್ಟೇ. ತಂಗಿ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿಯ ಲೈಬ್ರರಿಯಲ್ಲಿ ಒಂದು ದಪ್ಪ ಡಿಕ್ಷನರಿ ಇತ್ತಂತೆ. ಶಬ್ದ ಎಲ್ಲಿ ಹುಟ್ಟಿತು, ಯಾವ ಯಾವ ದೇಶ ತಿರುಗಿ ಬಂತು ಎಂಬುದನ್ನೂ ಅದು ಹೇಳುತ್ತಿತ್ತು. ಅವಳಿಗೆ ಆಕಾಶದ ಶಬ್ದಗಳ ಹುಚ್ಚು ಹತ್ತಿತು. ಸಂಜೆ ನನಗೆ ಬುತ್ತಿ ತಂದವಳು ಗಾಣದ ಹತ್ತಿರವೇ ಕೂತು ಅವನ್ನೆಲ್ಲ ಹೇಳುವಳು. ನಾನು ಕುದಿಯುವ ಕಬ್ಬಿನ ಹಾಲಿನ ನೊರೆ ತೆಗೆಯುತ್ತ ಕೇಳುತ್ತಿದ್ದೆ.

"ಅಣ್ಣಾ, ಪ್ಲಾನೆಟ್ ಅಂದ್ರ ಅಲೆಯಾಂವ. ಗ್ರೀಕರು ಇಟ್ಟ ಹೆಸರು. ಫ್ರೆಂಚರ ಮನ್ಯಾಗ ವಸ್ತಿ ಮಾಡಿ ಇಂಗ್ಲಿಷಿಗೆ ಬಂತು."

"ನಮ್ಮ ಅಥಣಿ ಕಡೆ ಕುರಿ ಕಾಯವರ ಹಂಗ?"

"ಹಂಗ. ಉಳಿದ ಚುಕ್ಕಿ ಎಲ್ಲಾ ಸಾಲು ಬಿಟ್ಟು ಕದಲೂದಿಲ್ಲ. ಇವಷ್ಟ ಕುರಿ ದಡ್ಡಿ ಬದಲಿಸಿದಂಗ ಜಾಗಾ ಬದಲಿ ಮಾಡ್ಕೋತ ಹೋಗ್ತಾವ."

ಕಾಮೆಟ್ ಎಂದರೆ ಉದ್ದ ಕೂದಲಿನ ಚುಕ್ಕಿಯಂತೆ. ಪರ್ಶಿಯನ್ನರಿಗೆ ಅದು ಬಾಲದ ಚುಕ್ಕಿ. ನಮ್ಮವರಿಗೆ ಧೂಮಕೇತು, ಹೊಗೆಯ ಬಾವುಟ.

"ಒಂದ ಚುಕ್ಕಿ ನೋಡಿ ಒಬ್ಬರಿಗೆ ಕೂದಲಾ, ಒಬ್ಬರಿಗೆ ಬಾಲ, ನಮಗ ಹೊಗಿ. ನಿನಗೇನ ಕಾಣ್ತೈತಿ?"

"ಪಾಕದ ಎಳಿ," ಅಂದೆ.

"ನಿನಗ ಬೆಲ್ಲ ಬಿಟ್ರ ಜಗತ್ತಿನ್ಯಾಗ ಏನೂ ಇಲ್ಲ ಬಿಡು," ಎಂದು ನಕ್ಕಳು.

ನಾವು ದಿನಾ ಆಡುವ ಮಹಿನಾ ಎಂಬ ಶಬ್ದದಲ್ಲಿ ಚಂದ್ರ ಇದ್ದಾನೆ ಎಂದೂ ಅವಳೇ ಹೇಳಿದ್ದು. ಪರ್ಶಿಯನ್‌ದಲ್ಲಿ ಮಾಹ್ ಎಂದರೆ ಚಂದ್ರ. ನಮ್ಮ ತಾರೆ, ಅವರ ಸಿತಾರೆ, ಇಂಗ್ಲಿಷರ ಸ್ಟಾರ್ ಒಂದೇ ತಾಯಿಯ ಮಕ್ಕಳು ಅಂದಾಗ ನಾನು ನಂಬಲಿಲ್ಲ. ಆದರೂ ಆಮೇಲೆ ಯಾರಾದರೂ ಮುಂದಿನ ಮಹಿನಾ ಅಂದರೆ ನನ್ನ ಕಣ್ಣು ತಾನೇ ಮೇಲೆ ಹೋಗುತ್ತಿತ್ತು.

ಒಂದು ಸಂಜೆ ಡಿಸಾಸ್ಟರ್ ಎಂಬ ಶಬ್ದ ತಂದಳು. "ಅನಾಹುತ ಅಂತ ಅರ್ಥ. ಫ್ರೆಂಚಿನಿಂದ ಬಂದದ್ದು. ಬೇರು ನೋಡಿದ್ರ ಕೆಟ್ಟ ಚುಕ್ಕಿ ಅಂತ ಐತಿ. ನನ್ನ ಹಂಗ."

ಅವಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಆ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಬಂದ ಸಂಬಂಧಗಳು ಅದೊಂದಕ್ಕೇ ತಿರುಗಿ ಹೋಗಿದ್ದವು.

"ನೋಡಣ್ಣಾ, ಅಲ್ಲಿ ಜನಾನೂ ಹಂಗ. ತಮ್ಮ ಮನಿ ಬಿದ್ರ ಮ್ಯಾಲ ಬಟ್ಟು ಮಾಡಿ ತೋರಿಸ್ಯಾರ. ಪಾಪ, ಚುಕ್ಕಿ ಏನ ಮಾಡೀತು?"

ಮುಂದೆ ದಿಗ್ಗೇವಾಡಿಯ ಒಂದು ಮನೆಯವರು ಅವಳನ್ನು ನೋಡಿ, ಜಾತಕ ಕೇಳದೆಯೇ ಒಪ್ಪಿದರು. ಹುಡುಗನ ತಂದೆ ದೊಡ್ಡ ಮನಸ್ಸಿನ ಮನುಷ್ಯ. ಮದುವೆಗೆ ಮೊದಲು ರಾಯಬಾಗದ ಚಹಾದಂಗಡಿಯಲ್ಲಿ ಅವರೊಬ್ಬರೇ ಸಿಕ್ಕಾಗ ನಾನು ನಕ್ಷತ್ರದ ವಿಷಯ ಹೇಳಿಬಿಟ್ಟೆ. ಅವರು ಬಶಿಗೆ ಚಹಾ ಸುರಿದುಕೊಂಡು ಜೋರಾಗಿ ನಕ್ಕರು.

"ಅಷ್ಟು ಎತ್ತರದ ಚುಕ್ಕಿಗೆ ನನ್ನ ಮನಿ ದಾರಿ ಗೊತ್ತೈತೇನೋ? ಹುಡುಗಿ ಶಾಣ್ಯಾ ಅದಾಳ, ನನಗಷ್ಟ ಸಾಕು. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ, ಹೆಂಗಸರು ಹೆದರ್ತಾರ. ನಾನ ಹೇಳ್ತೀನಿ ಒಂದಿನ."

ಆ ದಿನ ಬರಲಿಲ್ಲ. ಮದುವೆಯಾದ ಮರುವರ್ಷ ಅವರು ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲೇ ಇಲ್ಲ.

ಆ ಸಲ ಪಂಚಮಿಗೆ ತಂಗಿಯನ್ನು ಕರೆತರಲು ಹೋದೆ. ಅಣ್ಣತಮ್ಮಂದಿರು ಹೋಗಿ ಕರೆಯದೆ ನಮ್ಮ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುವುದಿಲ್ಲ. ಅವರ ಕಟ್ಟೆಯ ಮೇಲೆ ಬೀಗರು, ನೆರೆಯವರು ತುಂಬಿದ್ದರು. ಮೂಲಾ ನಕ್ಷತ್ರದ ಸುದ್ದಿ ಹೇಗೋ ಅವರಿಗೆ ಮುಟ್ಟಿತ್ತು. ತಂಗಿಯ ಅತ್ತೆ ನನಗೆ ಕಾಲಿಗೆ ನೀರು ಸಹ ಕೊಡಲಿಲ್ಲ.

"ನಿನ್ನ ತಂಗೀದು ಯಾವ ನಕ್ಷತ್ರ? ಎಲ್ಲಾರ ಮುಂದ ಹೇಳು."

"ಮೂಲಾ ರೀ."

"ಮುಚ್ಚಿಟ್ಟು ಕೊಟ್ರಿ. ನನ್ನ ಕುಂಕುಮ ತಿಂದ್ರಿ!"

ತಂಗಿ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ನನ್ನ ಮುಖವನ್ನೇ ನೋಡಿದಳು. ಅವಳ ಮಾವನಿಗೆ ಗೊತ್ತಿತ್ತು, ಒಪ್ಪಿಯೇ ತಂದುಕೊಂಡರು ಎಂದಿದ್ದರೆ ಸಾಕಿತ್ತು. ಸತ್ತವರ ಬಾಯಿಗೆ ಸುಳ್ಳು ತುರುಕುತ್ತಾನೆ ಎಂದು ಕಟ್ಟೆಯವರೆಲ್ಲ ಮೇಲೆ ಬಿದ್ದಾರೆಂದು ಹೆದರಿದೆ. ನೆಲ ನೋಡುತ್ತ ನಿಂತೆ. ಬಸ್ಸಿನಲ್ಲಿ ಅವಳು ಕೇಳಿದಳು, "ನೀವ್ಯಾರೂ ಮೊದಲ ಹೇಳಿರಲಿಲ್ಲೇನಣ್ಣಾ?" "ಇರಲಿ ಬಿಡು," ಅಂದೆ. ಅಷ್ಟೇ ಹೇಳಿದ್ದು.

ಹಬ್ಬ ಮುಗಿಸಿ ತಿರುಗಿ ಹೋದಳು. ಗಂಡ ಒಳ್ಳೆಯವನು, ಆದರೆ ತಾಯಿಯ ಎದುರು ಮಾತಿಲ್ಲದವನು. ಆ ಮನೆಯ ಯಾವ ಶುಭ ಕೆಲಸಕ್ಕೂ ಅವಳ ಕೈ ತಾಕಿಸಲಿಲ್ಲ. ಎರಡು ಪೆಟ್ಟು ಹೊಡೆದಿದ್ದರೆ ಊರು ಕೇಳುತ್ತಿತ್ತು. ಇದನ್ನು ಯಾರು ಕೇಳಬೇಕು? ವರ್ಷಗಳು ಹೀಗೇ ಹೋದವು. ತವರಿಗೆ ಬಂದಾಗ ನಾನು ಹೊಸ ಶಬ್ದ ಏನೈತಿ ಅಂದರೆ, "ಅದೆಲ್ಲಾ ಬಿಟ್ಟೇನಿ," ಅನ್ನುವಳು. ಗಾಣದ ಕಡೆಗಂತೂ ಬರುತ್ತಲೇ ಇರಲಿಲ್ಲ.

ಅವಳಿಗೆ ಹೆಣ್ಣುಮಗು ಹುಟ್ಟಿ ದಿಗ್ಗೇವಾಡಿಯಲ್ಲೇ ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟರು. ಸೋದರಮಾವನಾದ ನಾನು ಕುಲಾವಿ, ಬಳೆ ಒಯ್ದಿದ್ದೆ. ತಂಗಿ ಮಗುವನ್ನು ಎತ್ತಿಕೊಂಡು ತೊಟ್ಟಿಲ ಹತ್ತಿರ ಬಂದಳು. ಅತ್ತೆ ಮಗುವನ್ನು ಅವಳ ಕೈಯಿಂದ ತೆಗೆದುಕೊಂಡರು.

"ನೀ ಹಾಕಬ್ಯಾಡ. ಇದರ ನಕ್ಷತ್ರ ಆದ್ರೂ ಖರೇ ಹೇಳ್ರಿ, ಕಳ್ಳರ ಮನ್ಯಾಗ ಹುಟ್ಟಿದವರು."

ತಂಗಿಯ ಕೈಗಳು ಹಾಗೇ ಚಾಚಿಕೊಂಡು ಉಳಿದವು. ಅವನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

"ಅತ್ತೀ, ನಿಮ್ಮ ಯಜಮಾನರಿಗೆ ಗೊತ್ತಿತ್ತರಿ. ರಾಯಬಾಗದ ಚಹಾದಂಗಡ್ಯಾಗ ನಾನ ಹೇಳಿದ್ದೆ. ನಕ್ಕೋತ ಒಪ್ಪಿದ್ರು. ಅಷ್ಟು ಎತ್ತರದ ಚುಕ್ಕಿಗೆ ನನ್ನ ಮನಿ ದಾರಿ ಗೊತ್ತೈತೇನೋ ಅಂದ್ರು."

ಅದು ಗಂಡನದೇ ಮಾತಿನ ಧಾಟಿ ಎಂದು ಅತ್ತೆಗೆ ಗುರುತು ಸಿಕ್ಕಿತೇನೋ, ಮಗುವನ್ನು ಎದೆಗೊತ್ತಿಕೊಂಡು ಅಲ್ಲೇ ಕೂತುಬಿಟ್ಟರು.

"ಇದನ್ನ ಇಷ್ಟು ವರ್ಷ ಎಲ್ಲಿ ನುಂಗಿ ಕುಂತಿದ್ದಿ, ಹುಚ್ಚಾ?" ಎಂದರು.

ನಾನು ತಂಗಿಯ ಕಡೆ ತಿರುಗಿದೆ. ಅವಳು ಬಸ್ಸಿನಲ್ಲಿ ಕೇಳಿದ ದಿನದಂತೆಯೇ ನನ್ನನ್ನು ನೋಡುತ್ತಿದ್ದಳು.

"ತಂಗೀ, ನಿನ್ನ ಚುಕ್ಕಿ ಏನೂ ಮಾಡಿಲ್ಲವ್ವ. ನಾ ಬಾಯಿ ಮುಚ್ಚಿಕೊಂಡು ನಿಂತೆ. ತಪ್ಪಾತು. ಹೊಟ್ಟ್ಯಾಗ ಹಾಕ್ಕೋ."