ಸ್ಕೇಲು ಭಾವನ ಅಂದದ ಪುಟ

ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಂತ ಮರುಳಾಗಿ ಅಪ್ಪ ನಮ್ಮ ಭಾವನವರಿಗೆ ಅಕ್ಕನನ್ನು ಕೊಟ್ಟರು. ಅಕ್ಷರದ ಹಿಂದೆ ಮನುಷ್ಯ ಇದ್ದಾನೋ ಇಲ್ಲವೋ ಯಾರೂ ನೋಡಲಿಲ್ಲ. ಒಂದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಾನು ನೋಡಿದೆ. ನಾನು ಆಪರೇಷನ್ ಥಿಯೇಟರಿನ ನರ್ಸು. ಭಾವನವರು ಪಕ್ಕದ ಕೋಣೆಯಲ್ಲಿ, ದಾನದ ಚರ್ಮ ಇಡುವ ಫ್ರೀಜರಿಗೂ ಅದರ ರಿಜಿಸ್ಟರಿಗೂ ಒಡೆಯರು. ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು. ವಾರ್ಡಿನವರೆಲ್ಲ ಕರೆಯೋದೂ ಸ್ಕೇಲು ಅಂತಲೇ.

ಸತ್ತವರ ಮನೆಯವರು ಮನಸ್ಸು ಗಟ್ಟಿಮಾಡಿಕೊಂಡು ಕೊಟ್ಟ ಚರ್ಮ ಅದು. ಸುಟ್ಟ ಗಾಯಕ್ಕೆ ರೋಗಿಯದೇ ಚರ್ಮ ಹಾಕುವ ತನಕ ಅದನ್ನು ಹೊದಿಸ್ತೀವಿ. ಪೊಟ್ಟಣದ ಮೇಲೆ ನಂಬರಿನ ಸ್ಟಿಕ್ಕರು ಇರುತ್ತವೆ. ಚರ್ಮ ಹಾಕಿದ ಮೇಲೆ ಒಂದನ್ನು ರಿಜಿಸ್ಟರಿಗೆ, ಒಂದನ್ನು ರೋಗಿಯ ಫೈಲಿಗೆ ಅಂಟಿಸಬೇಕು. ಹಾಕಿದ ಮೇಲೆ, ಮೊದಲಲ್ಲ. ಆದರೆ ಥಿಯೇಟರಿನಿಂದ ಬಂದ ಸ್ಟಿಕ್ಕರು ಒದ್ದೆ, ಸೊಟ್ಟ. ಭಾವನವರ ಕಣ್ಣಿಗೆ ಅದು ಆಗಿಬರೋಲ್ಲ. ಹಾಗಾಗಿ ಹಿಂದಿನ ದಿನವೇ ಆಪರೇಷನ್ನಿನ ಪಟ್ಟಿ ನೋಡಿ, ಸ್ಕೇಲಿಟ್ಟು, ಎಲ್ಲ ಅಂಟಿಸಿ ಕೈತೊಳೆದುಕೊಳ್ಳೋರು. ತಪಾಸಣೆಗೆ ಬಂದವರು ಭೇಷ್ ಅಂದು ಹೋದರು, ಇವರಿಗೆ ಕೊಂಬು ಮೂಡಿತು. ನಾನು ಎರಡು ಸಲ ಹೇಳಿದೆ. ನಿನ್ನ ಕೆಲಸ ನೀನು ನೋಡ್ಕೋ ಅಂದರು. ಆಮೇಲೆ ಮೇಲಿನವರಿಗೆ ಹೇಳಬೇಕಿತ್ತು, ಅಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಥೂ, ನನ್ನದೂ ಒಂದು ಬಾಳೇ.

ಒಂದು ದಿನ ಪಟ್ಟಿಯಲ್ಲಿ ಮೊದಲಿದ್ದ ಡ್ರೈವರನಿಗೆ ಜ್ವರ ಬಂತು. ಡಾಕ್ಟರು ಎರಡನೆಯವಳನ್ನು, ಬಲಗೈ ಎಣ್ಣೆಯಲ್ಲಿ ಬೆಂದ ಅಡುಗೆಯವಳನ್ನು, ಮೊದಲು ತೆಗೆದುಕೊಂಡರು. ಡ್ರೈವರನಿಗೆಂದು ಬಿಚ್ಚಿಟ್ಟಿದ್ದ ಮೊದಲ ಪೊಟ್ಟಣದ ಚರ್ಮ ಅವಳ ಕೈಗೆ ಹೋಯಿತು. ಡಾಕ್ಟರಿಗೆ ಎತ್ತಿಕೊಟ್ಟವಳು ನಾನೇ. ಡ್ರೈವರನಿಗೆ ಎರಡು ದಿನ ಬಿಟ್ಟು ಇನ್ನೊಂದು. ಬದಲಾಗಿದೆ ಅಂತ ಆಗಲೇ ಹೇಳಿಕಳಿಸಿದೆ. ಭಾವನವರು ತಲೆಯಾಡಿಸಿದರಂತೆ, ಅಷ್ಟೇ.

ಹತ್ತು ದಿನಕ್ಕೆ ಚರ್ಮದ ಬ್ಯಾಂಕಿನಿಂದ ಪತ್ರ ಬಂತು. ಆ ಮೊದಲ ಪೊಟ್ಟಣದ ಚರ್ಮದಲ್ಲಿ ಸೋಂಕು ಕಂಡಿದೆ, ಹಾಕಿಸಿಕೊಂಡವರನ್ನು ಕೂಡಲೇ ಪರೀಕ್ಷಿಸಿ. ನಾನು ರಜೆಯಲ್ಲಿದ್ದೆ. ರಿಜಿಸ್ಟರು ಡ್ರೈವರ್ ಅಂದಿತು, ಫೈಲೂ ಅದನ್ನೇ ಅಂದಿತು. ಏನೂ ಇಲ್ಲದ ಆ ಬಡಪಾಯಿಗೆ ದಿನಕ್ಕೆರಡು ಸೂಜಿ ಚುಚ್ಚಿದರು. ಅತ್ತ ಅಡುಗೆಯವಳು, ಮಾಯುವಾಗ ಹೀಗೇ ಇರತ್ತೇನೋ ಅಂದುಕೊಂಡು ಊದಿದ ಕೈ ಹಿಡಿದು ಮನೆಯಲ್ಲಿ ಕೂತಿದ್ದಳು.

ರಜೆಯಿಂದ ಬಂದವಳೇ ವಿಷಯ ತಿಳಿದು ಭಾವನವರನ್ನು ಡಾಕ್ಟರ ಮುಂದೆ ನಿಲ್ಲಿಸಿದೆ. ಬದಲಾಗಿದ್ದು ಗೊತ್ತಿತ್ತೋ ಇಲ್ಲವೋ ಅಂತ ಕೇಳಿದೆ.

"ಗೊತ್ತಿತ್ತು. ಸ್ಟಿಕ್ಕರು ಕಿತ್ತರೆ ಹಾಳೆ ಹರಿದುಹೋಗ್ತಿತ್ತು," ಅಂದರು.

ಡಾಕ್ಟರು ಕೂಡಲೇ ಅಡುಗೆಯವಳ ಮನೆಗೆ ಆಂಬುಲೆನ್ಸ್ ಕಳಿಸಿದರು. ಅವಳ ಜೀವಕ್ಕೇನೂ ಆಗಲಿಲ್ಲ, ಕೈಯೂ ಉಳಿಯಿತು. ಆದರೆ ಎರಡು ಬೆರಳು ಮಡಚೋದಿಲ್ಲ, ಹೆಬ್ಬೆರಳಿಗೆ ಹಿಡಿತ ಇಲ್ಲ. ಸೌಟು ಹಿಡಿದು ಮಕ್ಕಳನ್ನು ಸಾಕುತ್ತಿದ್ದ ಕೈ ಅದು.

ಭಾವನವರ ಕೆಲಸಕ್ಕೆ ಕುತ್ತೇನೂ ಬರಲಿಲ್ಲ. ರಿಜಿಸ್ಟರು ತಿದ್ದಿ ರೋಗಿಯ ಸಹಿ ಹಾಕಿಸಿ ಅಂದರು ಮೇಲಿನವರು. ಅವಳು ಬಂದಳು. ಪೆನ್ನು ಮತ್ತೆ ಮತ್ತೆ ಜಾರಿ ಬಿತ್ತು. ಕೊನೆಗೆ ಎಡಗೈಯಿಂದ ಬಲಗೈಯ ಬೆರಳು ಅದುಮಿ ಹಿಡಿದು ಬರೆಯಲು ಹೊರಟಳು. ಭಾವನವರು ಜೇಬಿನಿಂದ ಸ್ಕೇಲು ತೆಗೆದು ಅವಳ ಕೈ ಕೆಳಗೆ ಇಟ್ಟರು.

"ಗೆರೆ ಬಿಟ್ಟು ಹೋಗದ ಹಾಗೆ ಬರೀಮ್ಮ," ಅಂದರು.